ಅಟ್ಟದ ಕೆಳಗಿನ ಡ್ರಮ್ಮು

ಫೆಬ್ರವರಿ 3, ಸೋಮವಾರ

ರುದ್ರೇಶನನ್ನು ಮಣ್ಣು ಮಾಡಿ ಬಂದೆ. ಸ್ನಾನವಾಯಿತು. ಊಟ ಸೇರಲಿಲ್ಲ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಸಿಟ್ಟು ಬಂದಿದೆ, ಅದಕ್ಕೇ ಕೂತಿದ್ದೇನೆ.

ಟಿವಿಯವನು ಮೈಕು ಹಿಡಿದುಕೊಂಡು "ಗಿಟುಕು ಖ್ಯಾತಿಯ ರುದ್ರೇಶ್" ಎಂದು ಹೇಳುತ್ತಿದ್ದ. ಗಿಟುಕು ಎಂದರೆ ರುದ್ರೇಶ ಒಬ್ಬನೇ ಅಲ್ಲಪ್ಪ. ಗಿಟಾರು ಮತ್ತು ಹಾಡು ಅವನದು, ಬಾಸ್ ಗಿಟಾರು ತುರುವೇಕೆರೆ ಜ್ಞಾನೇಶನದು, ಡ್ರಮ್ಸು ಹೊನ್ನವಳ್ಳಿ ಗಂಗರಾಜುವಿನದು, ಅಂದರೆ ನನ್ನದು. ಮೂರು ಜನ ಸೇರಿ ಕಟ್ಟಿದ ಬ್ಯಾಂಡು. ಇದನ್ನು ಹೇಳೋಣವೆಂದು ಮುಂದೆ ಹೋದರೆ ಅವನು ನನ್ನನ್ನೇ ಪಕ್ಕಕ್ಕೆ ಸರಿಯಲು ಹೇಳಿದ, ಫ್ರೇಮಿಗೆ ಅಡ್ಡ ಬರುತ್ತಿದ್ದೆನಂತೆ.

ನನಗೆ ಸಾವಿನ ಸುದ್ದಿ ತಿಳಿದದ್ದು ಫೋನಿನಲ್ಲಿ, ಅದೂ ಅಭಿಮಾನಿಗಳ ಪೇಜಿನಿಂದ. ನಿನ್ನೆ ಬೆಳಿಗ್ಗೆ ತೋಟದಲ್ಲಿ ಕಾಯಿ ಸುಲಿಯುತ್ತಿದ್ದೆ. ಪೇಜು ನಡೆಸುವ ಹುಳಿಯಾರಿನ ಇಂಪನಾ ಕಪ್ಪು ಬಣ್ಣದ ಮೇಲೆ ಅವನ ಫೋಟೋ ಹಾಕಿದ್ದಳು. ತಮಾಷೆ ಇರಬೇಕೆಂದು ಅವನಿಗೇ ಫೋನು ಮಾಡಿದೆ. ಯಾರೋ ಎತ್ತಿ, "ಸರ್, ಸ್ಟುಡಿಯೋದಿಂದ ಮಾತಾಡ್ತಿದೀನಿ, ನೀವು ಅವರಿಗೆ ಏನಾಗಬೇಕು?" ಎಂದ. ಬೆಂಗಳೂರಿನ ಸ್ಟುಡಿಯೋ. ಗಿಟಾರು ಕೊರಳಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕೂತನಂತೆ.

ನನಗೆ ಅವನು ಹೇಳಿದ್ದೇನು? "ಅರಸೀಕೆರೆ ಕಡೆ ಮದ್ವೆ ಐತೆ ಕಣ್ಲಾ ಗಂಗ, ಎಲ್ಡ್ ದಿನ ಸಿಗಲ್ಲ." ಮದುವೆಗೆ ಗಿಟಾರು ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅವರ ತೋಟದಲ್ಲೇ ಸಮಾಧಿ. ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು ಇಳಿಸಿದರು. ಎಲ್ಲರೂ ಬಿಲ್ವಪತ್ರೆ ಹಾಕುತ್ತಿದ್ದರೆ ಅಭಿಮಾನಿ ಹುಡುಗರು ಗಿಟಾರು ಮೀಟುವ ಪಿಕ್ಕುಗಳನ್ನು ಎಸೆಯತೊಡಗಿದರು. ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು ಒಂದನ್ನು ಎತ್ತಿ ನೋಡಿ, "ಏನ್ರಪ್ಪ ಇದು, ಪ್ಲಾಸ್ಟಿಕ್ ಮಣ್ಣಲ್ಲಿ ಕರಗ್ತದಾ?" ಎಂದರು. ನನಗೆ ನಗು ಬಂತು. ನಗು ಬಂದರೆ ನಾನು ಯಾವಾಗಲೂ ನೋಡುತ್ತಿದ್ದದ್ದು ರುದ್ರೇಶನ ಮುಖವನ್ನು. ನೋಡಿದೆ. ಆಮೇಲೆ ನಗು ಬರಲಿಲ್ಲ.

ನಮ್ಮನ್ನು ಬಿಟ್ಟು ಸ್ಟುಡಿಯೋದಲ್ಲಿ ಏನು ಮಾಡುತ್ತಿದ್ದೆ ನೀನು?

ಈ ಪೆನ್ನು ಸರಿ ಇಲ್ಲ. ಅಕ್ಷರ ಕೋಳಿ ಕೆದರಿದ ಹಾಗೆ ಬರುತ್ತಿದೆ.

ಫೆಬ್ರವರಿ 6, ಗುರುವಾರ

ಫೋನು ತೆರೆದರೆ ಸಾಕು, ಅವನೇ. ಎಲ್ಲರೂ ಬರೆಯುವುದು ಒಂದೇ ವಿಷಯ. ಮೊದಲೆಲ್ಲ ಗಿಟುಕು ಬರೀ ವೇಗದ ಬ್ಯಾಂಡು ಆಗಿತ್ತಂತೆ, ಈ ಮೂರು ವರ್ಷದಲ್ಲಿ ರುದ್ರೇಶ ಹಾಡುಗಳನ್ನು ನಿಧಾನ ಮಾಡಿ ಅದಕ್ಕೆ ಒಂದು ತೂಕ ತಂದನಂತೆ, ಒಂದೊಂದು ಸ್ವರವೂ ತಪಸ್ಸಂತೆ. ಮೈಸೂರಿನ ಒಬ್ಬ ಪ್ರೊಫೆಸರರು ಇದೇ ಮಾತನ್ನು ನಾಲ್ಕು ಪುಟ ಬರೆದಿದ್ದಾರೆ.

ತಪಸ್ಸಂತೆ! 'ತಾರು ರೋಡು' ನಮ್ಮ ಮೊದಲ ಹಾಡು. ಅದನ್ನು ಬಾರಿಸಿದರೆ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ಅಂಥ ಹಾಡನ್ನೂ ಇವನು ಎಳೆದೂ ಎಳೆದೂ ಲಗೇಜು ಹೇರಿದ ಎತ್ತಿನ ಗಾಡಿ ಮಾಡಿದ್ದ. ನಾನು ಎಷ್ಟು ಸಲ ಜಗಳವಾಡಿದ್ದೇನೆ. "ವಯಸ್ಸಾಯ್ತು ಕಣ್ಲಾ, ಓಡಕ್ಕಾಗಲ್ಲ" ಎಂದು ಹೇಳಿ ಜಾರಿಕೊಳ್ಳುತ್ತಿದ್ದ. ವಯಸ್ಸು ಅವನಿಗಾಗಿತ್ತು, ನನಗಲ್ಲ.

ಕಾಫಿ ಲೋಟ ಬಿದ್ದು ಒಡೆಯಿತು. ಧನ್ಯಶ್ರೀ ಏನೂ ಅನ್ನದೆ ಗುಡಿಸಿದಳು. ಬೇರೆ ಹೆಂಡತಿಯರಾಗಿದ್ದರೆ ಎರಡು ಮಾತು ಅನ್ನುತ್ತಿದ್ದರು. ಸಾವಿನ ಮನೆ ನೋಡಿ ಬಂದವನು ಎಂದು ಸುಮ್ಮನಾಗಿರಬೇಕು.

ಫೆಬ್ರವರಿ 9, ಭಾನುವಾರ

ಜ್ಞಾನೇಶ ಬಂದಿದ್ದ. ಜೊತೆಗೆ ಇಂಪನಾ. ಫೋಟೋಗಳಲ್ಲಿ ದೊಡ್ಡವಳಂತೆ ಕಾಣುತ್ತಾಳೆ, ಎದುರಿಗೆ ನೋಡಿದರೆ ಸಣ್ಣ ಆಳು, ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. ಮಾರ್ಚ್ ಎರಡಕ್ಕೆ ತಿಪಟೂರಿನಲ್ಲಿ ನೆನಪಿನ ಕಾರ್ಯಕ್ರಮ. ರುದ್ರೇಶನ ಜಾಗದಲ್ಲಿ ಹಾಸನದ ಸೂರ್ಯಪ್ರಕಾಶ್ ಗಿಟಾರು ನುಡಿಸಿ ಹಾಡುತ್ತಾನೆ.

"ಅಣ್ಣ, ಕಡೇಲಿ 'ತಾರು ರೋಡು' ಬಾರಿಸ್ಬೇಕು. ಹಳೇ ಸ್ಪೀಡಲ್ಲಿ. ಎಲ್ರೂ ಅದನ್ನೇ ಕೇಳ್ತಾವ್ರೆ" ಎಂದಳು ಇಂಪನಾ.

"ಬಾರಿಸ್ತೀನಿ ಕಣಮ್ಮ. ಅದುಕ್ಕೇನು, ನಿದ್ದೇಲಿ ಎಬ್ಸಿದ್ರೂ ಬಾರಿಸ್ತೀನಿ" ಎಂದೆ.

ಜ್ಞಾನೇಶ ಕೆಮ್ಮಿದ. "ನಿಧಾನದ್ದೇ ಇರ್ಲಿ ಬುಡು ಇಂಪನಾ, ರುದ್ರನಿಗೆ ಅದೇ ಇಷ್ಟ ಇದ್ದದ್ದು."

"ರುದ್ರನ್ನ ಕೇಳಣ ಬಾ ಹಂಗಾರೆ" ಎಂದುಬಿಟ್ಟೆ. ಆ ಹುಡುಗಿ ಮತ್ತೆ ಅಳಲು ಶುರು ಮಾಡಿದಳು. ಹಾಗೆ ಅನ್ನಬಾರದಿತ್ತು. ಆದರೂ ಇವನಿಗೆ ಏನು ಬಂದಿದೆ? ಮೂರು ವರ್ಷ ಹಗ್ಗ ಹಾಕಿ ಎಳೆದದ್ದು ಸಾಲದೇ?

ಬೆಳಿಗ್ಗೆ ಬೇಗ ಎದ್ದು ಕಡ್ಡಿ ಹಿಡಿದು ದಿಂಬಿನ ಮೇಲೆ ಅಭ್ಯಾಸ ಮಾಡಬೇಕು. ಚಳಿಗೆ ಬಲಗೈಯ ಕೊನೆಯ ಎರಡು ಬೆರಳು ಜೋಮು ಹಿಡಿಯುತ್ತವೆ. ಈ ಸಲ ಚಳಿ ಹೋಗುತ್ತಲೇ ಇಲ್ಲ.

ಫೆಬ್ರವರಿ 12, ಬುಧವಾರ

ಇವತ್ತು ರುದ್ರೇಶನ ಮನೆಯಲ್ಲಿ ಶಿವಗಣಾರಾಧನೆ. ಊರೆಲ್ಲ ಬಂದಿತ್ತು. ಅವನ ಅಪ್ಪ ಪರಮಶಿವಯ್ಯನವರು ಕೊಬ್ಬರಿ ಮಂಡಿಯ ದೊಡ್ಡ ವ್ಯಾಪಾರಸ್ಥರು, ಮಾರ್ಕೆಟ್ಟಿನಲ್ಲಿ ಒಂದು ಮಾತಿಗೆ ಹತ್ತು ಜನ ತಿರುಗಿ ನೋಡುತ್ತಾರೆ. ಇವತ್ತು ಬಾಗಿಲ ಬಳಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಪಂಕ್ತಿಯಲ್ಲಿ ಕೂತೆ. ಎಲೆ ಹಾಕಿ, ಪಾಯಸ ಬಡಿಸಿದರು. ರುದ್ರೇಶನ ತಾಯಿ ಗುರುಸಿದ್ದಮ್ಮ ಅಷ್ಟು ದುಃಖದಲ್ಲೂ ಬಂದು ನನ್ನ ಎಲೆಯ ಪಕ್ಕ ಒಂದು ಸ್ಪೂನು ಇಟ್ಟು ಹೋದರು. ಇಡೀ ಸಾಲಿನಲ್ಲಿ ಇನ್ನಾರಿಗೂ ಸ್ಪೂನಿಲ್ಲ. ಪಕ್ಕದವನು ನನ್ನನ್ನು ನೋಡಿದ. ನಾನೇನು ಪ್ಯಾಟೆಯಿಂದ ಬಂದ ಸಾಹೇಬನೇ? ಇಪ್ಪತ್ತು ವರ್ಷದಿಂದ ಆ ತಾಯಿಯ ಕೈಯಲ್ಲಿ ಮುದ್ದೆ ಉಂಡವನು. ಸ್ಪೂನು ಪಕ್ಕಕ್ಕಿಟ್ಟು ಕೈಯಲ್ಲೇ ಉಂಡೆ. ಪಾಯಸ ಮುಂಗೈ ಮೇಲೆಲ್ಲ ಇಳಿಯಿತು. ಬಹಳ ತೆಳ್ಳಗೆ ಮಾಡಿಸಿದ್ದರು.

ಕೈ ತೊಳೆಯುವಾಗ ಇಂಪನಾ ಬಂದಳು. ಸ್ಟುಡಿಯೋದವರು ಅವನ ಕಡೆಯ ರೆಕಾರ್ಡಿಂಗ್ ಬಿಡುತ್ತಾರಂತೆ. ಆರು ಹಾಡು. ಎಲ್ಲ ಮುಗಿಸಿದ್ದನಂತೆ, ಒಂದು ಗಿಟಾರು ತುಂಡು ಮಾತ್ರ ಬಾಕಿ ಇತ್ತಂತೆ.

"ಡ್ರಮ್ಸ್ ಯಾರು?" ಎಂದೆ.

ಅವಳು ನನ್ನ ಮುಖ ನೋಡಿದಳು. "ಅಯ್ಯೋ, ನೀವೇ ಅಂದ್ಕಂಡಿದ್ದೆ ಅಣ್ಣ."

ನಾನಲ್ಲ. ನಾನು ಆ ಸ್ಟುಡಿಯೋದ ಬಾಗಿಲನ್ನೂ ನೋಡಿಲ್ಲ.

ಫೆಬ್ರವರಿ 13

ಮೋಸಗಾರ.

ಪೆನ್ನು ಬದಲಾಯಿಸಿದೆ. ಇದೂ ಹಾಗೇ ಇದೆ.

ಫೆಬ್ರವರಿ 17, ಸೋಮವಾರ

ಮೊದಲ ಹಾಡು ಬಿಟ್ಟರು. ಕೇಳಬಾರದು ಅಂದುಕೊಂಡೆ, ಕೇಳಿದೆ. ಬೈಕು ನಿಲ್ಲಿಸಿ, ತೋಟದ ಬೇಲಿ ಹತ್ತಿರ ಕೂತು ಕೇಳಿದೆ. ಮನೆಗೆ ಬಂದು ಮತ್ತೆ ಕೇಳಿದೆ.

ವೇಗದ ಹಾಡು! ಮೂರು ವರ್ಷ ನನಗೆ ವಯಸ್ಸಾಯ್ತು ಎಂದು ಕತೆ ಹೇಳಿದವನು ಗಿಟಾರಿನ ತಂತಿಗೆ ಬೆಂಕಿ ಬಿದ್ದಂತೆ ಬಾರಿಸಿದ್ದಾನೆ. ಆಗಿನ ರುದ್ರೇಶನೇ, ಕಾಲೇಜಿನ ರುದ್ರೇಶ. ನನಗೆ ಒಂದು ಗಳಿಗೆ ಖುಷಿಯಾಗಿ ಎದ್ದು ನಿಂತೆ, ಹಾಳಾದ್ದು. ಆಮೇಲೆ ಡ್ರಮ್ಸು ಬಂತು.

ಯಾವನೋ ಏನೋ, ಚೆನ್ನಾಗಿ ಬಾರಿಸಿದ್ದಾನೆ. ಸುಳ್ಳು ಯಾಕೆ ಹೇಳಲಿ, ಡೈರಿಯಲ್ಲೂ ಸುಳ್ಳು ಹೇಳಿದರೆ ಇನ್ನೆಲ್ಲಿ ನಿಜ ಹೇಳುವುದು. ಏಟು ಒಂದೊಂದೂ ಸ್ವಚ್ಛ, ಎಲ್ಲಿಯೂ ಎಡವಿಲ್ಲ. ಯಾವನೋ ಬೆಂಗಳೂರಿನ ಹುಡುಗ ಇರಬೇಕು. ನನ್ನನ್ನು ಎತ್ತಿನ ಗಾಡಿಗೆ ಕಟ್ಟಿ, ಓಡುವ ಕುದುರೆಯನ್ನು ಬೇರೆ ಕಡೆ ಸಾಕಿಕೊಂಡಿದ್ದ.

ಧನ್ಯಶ್ರೀ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಚೆನ್ನಾಗೈತಲ್ಲ ರೀ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ಮೈ ಉರಿದುಹೋಯಿತು. ಗಂಡನನ್ನು ಬ್ಯಾಂಡಿನಿಂದ ಆಚೆ ಹಾಕಿದ ಹಾಡು ಇವಳಿಗೆ ಚೆನ್ನಾಗಿದೆ.

ಫೆಬ್ರವರಿ 21, ಶುಕ್ರವಾರ

ರುದ್ರೇಶನ ತೋಟದ ಮನೆಯಲ್ಲಿ ಅಭ್ಯಾಸಕ್ಕೆ ಸೇರಿದ್ದೆವು. ಮೊದಲಿನಿಂದಲೂ ನಮ್ಮ ಜಾಗ ಅದೇ. ಮೇಲೆ ತೆಂಗಿನಕಾಯಿ ಒಣಗಲು ಹಾಕುವ ಅಟ್ಟ, ಕೆಳಗೆ ನಾವು. ನಾನು ಕಾಲಿನ ದೊಡ್ಡ ಡ್ರಮ್ಮು ಒದ್ದರೆ ಅಟ್ಟದ ಹಲಗೆ ಅದುರಿ, ಒಣಗಿದ ಕಾಯಿಗಳೊಳಗೆ ಕೊಬ್ಬರಿ ಗಿಟಗಿಟ ಅನ್ನುತ್ತಿತ್ತು. ಬ್ಯಾಂಡಿಗೆ ಗಿಟುಕು ಎಂಬ ಹೆಸರು ಬಂದದ್ದೇ ಹಾಗೆ. ಬೇರೆ ಊರಿನವರು ಆ ಸದ್ದನ್ನು ಯಾವ ಮಷೀನಿನಲ್ಲಿ ಮಾಡುತ್ತೀರಿ ಎಂದು ಕೇಳುತ್ತಿದ್ದರು. ರುದ್ರೇಶ ಗಂಭೀರವಾಗಿ, "ಜರ್ಮನಿಯಿಂದ ತರ್ಸಿದೀವಿ" ಅನ್ನುತ್ತಿದ್ದ.

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. 'ತಾರು ರೋಡು' ನಡುವೆ ಬಲಗೈ ಕಡ್ಡಿ ಹಾರಿಹೋಯಿತು. ಒಂದು ಸಲ ಯಾರಿಗಾದರೂ ಆಗುತ್ತದೆ. ಮೂರು ಸಲವಾಯಿತು. ಕಡ್ಡಿ ಹೊಸದು, ನುಣುಪು. ಸೂರ್ಯಪ್ರಕಾಶ್ ಒಂದೇ ಓಟ ಓಡುತ್ತಾನೆ, ಪಕ್ಕದವರನ್ನು ನೋಡುವ ಅಭ್ಯಾಸವೇ ಇಲ್ಲ.

ನಾಲ್ಕನೆಯ ಸಲ ಶುರು ಮಾಡಿದಾಗ ಹಾಡು ತಾನಾಗಿ ನಿಧಾನವಾಗಿತ್ತು. ನಾನು ನಿಧಾನ ಮಾಡಿರಲಿಲ್ಲ. ಜ್ಞಾನೇಶ ಬಾಸಿನ ಮೇಲೆ ತಲೆ ತಗ್ಗಿಸಿಕೊಂಡು, ಎಲ್ಲರನ್ನೂ ಹಿಂದಕ್ಕೆ ಎಳೆಯುತ್ತಿದ್ದ.

"ಯಾಕ್ಲಾ ಎಳೀತಿದೀಯ?" ಎಂದು ಕೂಗಿದೆ.

"ಎಳ್ದಿಲ್ಲ ಕಣ್ಲಾ. ಇಷ್ಟೇ ಅಲ್ವಾ ನಾವು ಬಾರ್ಸೋದು."

ಸಿಟ್ಟಿಗೆ ಕಾಲಿನ ಡ್ರಮ್ಮನ್ನು ಜೋರಾಗಿ ಒದ್ದೆ. ಅಟ್ಟದಿಂದ ಎಂದಿನ ಸದ್ದು ಬರಲಿಲ್ಲ. ತಲೆ ಎತ್ತಿ ನೋಡಿದರೆ ಅಟ್ಟ ಖಾಲಿ. ಈ ಸಲ ಒಳ್ಳೆಯ ರೇಟು ಬಂತೆಂದು ಪರಮಶಿವಯ್ಯನವರು ಎಲ್ಲ ಇಳಿಸಿಬಿಟ್ಟಿದ್ದಾರೆ, ಮೂಲೆಯಲ್ಲಿ ಒಂದು ಸಣ್ಣ ಗುಡ್ಡೆ ಬಿಟ್ಟರೆ ಬರೀ ಹಲಗೆ.

ಆಗ ಹೊಳೆಯಿತು. ಹೊಸ ಹಾಡಿನಲ್ಲಿ ಆ ಸದ್ದಿದೆ. ಪ್ರತಿ ಏಟಿನ ಹಿಂದೆ, ಸಣ್ಣಗೆ, ಗಿಟ ಗಿಟ. ಬೈಕು ತಂದು ಬಯಲಿನಲ್ಲಿ ನಿಲ್ಲಿಸಿ ಇಯರ್‌ಫೋನು ಹಾಕಿಕೊಂಡು ಕೇಳಿದೆ. ಇದೆ. ತುಂಬಿದ ಅಟ್ಟದ ಸದ್ದು.

ಅಟ್ಟ ಹಾಗೆ ತುಂಬಿದ್ದದ್ದು ಮೂರು ವರ್ಷದ ಹಿಂದೆ, ರೇಟು ಬಿದ್ದು ಯಾರೂ ಕಾಯಿ ಇಳಿಸದಿದ್ದಾಗ. ಆ ಬೇಸಿಗೆಯಲ್ಲಿ ಒಂದು ದಿನ ರುದ್ರೇಶ ಕಂಪ್ಯೂಟರು, ಮೈಕು ಎಲ್ಲ ತಂದು ಹರಡಿಕೊಂಡಿದ್ದ. "ಒಂದೊಂದೇ ಹೊಡಿ ಗಂಗ. ಮೆತ್ತಗೆ ಒಂದು, ಜೋರಾಗಿ ಒಂದು. ಹೊಸ ಮೈಕು ಟೆಸ್ಟ್ ಮಾಡ್ಬೇಕು" ಎಂದಿದ್ದ. ಬೆಳಗಿನಿಂದ ಸಂಜೆಯ ತನಕ ಒಂದೊಂದೇ ಹೊಡೆದೆ. ಮೈಕು ಮಾರಲು ಬಂದವನೂ ಇಷ್ಟು ಟೆಸ್ಟು ಮಾಡಲ್ಲ ಎಂದು ಬೈದೆ.

ಬೆಂಗಳೂರಿನ ಹುಡುಗ ಯಾರೂ ಇಲ್ಲ. ಆ ಹಾಡಿನಲ್ಲಿ ಬಾರಿಸುತ್ತಿರುವುದು ನಾನೇ. ನನ್ನ ಏಟುಗಳನ್ನು ಒಂದೊಂದಾಗಿ ತೆಗೆದಿಟ್ಟುಕೊಂಡು, ಕಂಪ್ಯೂಟರಿನಲ್ಲಿ ಜೋಡಿಸಿ, ನನ್ನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದಾನೆ.

ಫೆಬ್ರವರಿ 22, ಶನಿವಾರ

ಬೆಳಿಗ್ಗೆಯೇ ತುರುವೇಕೆರೆಗೆ ಹೋದೆ. ಜ್ಞಾನೇಶನದು ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಗಿರಾಕಿಗಳಿದ್ದರು. ಅವರು ಹೋಗುವ ತನಕ ಕಾಯುವಷ್ಟು ತಾಳ್ಮೆ ಇರಲಿಲ್ಲ.

"ಆ ಹಾಡಲ್ಲಿ ಬಾಸು ಯಾರ್ದು?" ಎಂದೆ.

ಅವನು ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಸುಳ್ಳು ಹೇಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ನಂದೇ ಕಣ್ಲಾ."

ಗಿರಾಕಿಗಳು ಎದ್ದು ಹೋದರು. ಜ್ಞಾನೇಶ ಬಾಗಿಲನ್ನು ಅರ್ಧ ಎಳೆದ. ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ, ನಾಳೆ ನಾನು ಬದಲಾಯಿಸಿಕೊಳ್ಳಬಾರದು.

"ನಿನ್ ಕೈ ಹೋಗ್ತಾ ಐತೆ ಗಂಗ. ನಮಗೆ ಮೂರ್ ವರ್ಸದಿಂದ ಗೊತ್ತು. ಕಡ್ಡಿ ಬೀಳ್ಸ್ತಿದ್ದೆ, ಏಟು ತಪ್ತಿತ್ತು, ನೀನು ಕಡ್ಡಿ ಬೈತಿದ್ದೆ, ಸ್ಟೂಲ್ ಬೈತಿದ್ದೆ, ಕೊನೆಗೆ ನಮ್ಮುನ್ನ ಬೈತಿದ್ದೆ. ಡಾಕ್ಟ್ರ ಹತ್ರ ಹೋಗಣ ಅಂದ್ರೆ ವಾರಗಟ್ಲೆ ಮಾತು ಬುಡ್ತಿದ್ದೆ. ಇನ್ನೂ ಜಾಸ್ತಿ ಹಾಳಾಗಕ್ ಮುಂಚೆ ಎಲ್ಲಾ ಏಟೂ ಹಿಡಿದಿಟ್ಕಳಣ ಅಂತ ಅವತ್ತು ರೆಕಾರ್ಡ್ ಮಾಡ್ದ. ಆಮೇಲೆ ಹಾಡೆಲ್ಲಾ ನಿಧಾನ ಮಾಡ್ದ. ನಿಧಾನ ಮಾಡುದ್ರೆ ಗಂಗ ಬಾರಿಸ್ತಾನೆ, ಜನ ಏನಾದ್ರೂ ಅಂದ್ಕಳ್ಳಲಿ ಅಂದ."

"ಜನ ತಪಸ್ಸು ಅಂದ್ಕಂಡ್ರು" ಎಂದೆ.

"ಹೂಂ. ನಾವಿಬ್ರೂ ಅದುನ್ನ ಓದಿ ನಗ್ತಿದ್ವಿ."

ನಗುತ್ತಿದ್ದರಂತೆ. ಇಬ್ಬರೂ.

"ಮತ್ತೆ ಇದ್ಯಾಕೆ? ನನ್ ಬುಟ್ಟು ಹೋಗಿದ್ಯಾಕೆ?"

ಜ್ಞಾನೇಶ ಬಿಚ್ಚಿಟ್ಟ ಫೋನಿನ ಸ್ಕ್ರೂಗಳನ್ನು ಒಂದು ಕಡೆ ಗುಡ್ಡೆ ಮಾಡಿದ. "ಅವುನ್ಗೂ ಬೇಜಾರಾಗಿತ್ತು ಗಂಗ. ಮೂರ್ ವರ್ಸ ಎಳ್ದ. ಒಂದ್ಸಲ ಓಡ್ಬೇಕು ಅನ್ನುಸ್ತಂತೆ. ನಿನ್ ಎದುರಿಗೆ ಓಡಕ್ಕೆ ಅವುನ್ಗೆ ಧೈರ್ಯ ಇರ್ಲಿಲ್ಲ. ಮುಗುದ್ ಮೇಲೆ ನಾನೇ ಗಂಗನ ಕಾಲಿಗೆ ಬಿದ್ದು ಹೇಳ್ತೀನಿ ಅಂದಿದ್ದ."

"ಮೊದ್ಲು ನನ್ ಕೈ ವಿಷ್ಯ ನೋಡಿದ್ದು ಯಾರು? ಅವ್ನಾ, ನೀನಾ?"

"ಇಬ್ರೂ ಅಲ್ಲ. ಧನ್ಯಶ್ರೀ ಬಂದು ಹೇಳಿದ್ಲು."

ಬೈಕು ಹತ್ತಿದೆ. ಸಂಪಿಗೆ ಊರಿನ ದಾರಿಗೆ ಯಾಕೆ ತಿರುಗಿದೆನೋ ಗೊತ್ತಿಲ್ಲ, ಅದು ನಮ್ಮೂರಿನ ದಾರಿಯೇ ಅಲ್ಲ. ದೇವಸ್ಥಾನದ ಮುಂದೆ ಯಾರದೋ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಅಳು ಬಂತು. ಬರೆಯಲು ನಾಚಿಕೆ ಏನಿಲ್ಲ, ಬಂತು.

ಫೆಬ್ರವರಿ 23, ಭಾನುವಾರ

ಧನ್ಯಶ್ರೀಯನ್ನು ಕೇಳಿದೆ. ಅವಳು ರಾಗಿ ಮುದ್ದೆ ತಿರುವುತ್ತಿದ್ದಳು. ತಿರುವುವುದನ್ನು ನಿಲ್ಲಿಸಲಿಲ್ಲ.

"ಹೌದು ರೀ. ನಾನೇ ಹೇಳ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳ್ಲಿಲ್ವಾ? ಬೆರಳು ಏನಾಗೈತೆ ಅಂತ ಕೇಳುದ್ರೆ ಚಳಿ ಅಂತೀರ. ಏಪ್ರಿಲ್ ತಿಂಗ್ಳಲ್ಲೂ ಚಳಿ ಅಂದ್ರಿ. ಕಾಯಿ ಸುಲಿಯೋದು ಬುಡಿ, ಆಳು ಇಡಣ ಅಂದ್ರೆ ನಾನೇನ್ ಮುದುಕನಾ ಅಂದ್ರಿ. ಇನ್ಯಾರತ್ರ ಹೇಳ್ಲಿ? ರುದ್ರೇಶಣ್ಣನ ಮಾತಾದ್ರೆ ನೀವು ಕೇಳ್ತೀರ ಅನ್ಕಂಡೆ. ಅದುಕ್ಕೇ ಅವ್ರತ್ರ ಹೋದೆ."

"ಊರಿಗೆಲ್ಲಾ ಡಂಗುರ ಹೊಡ್ಸು ಹೋಗು."

ಅವಳು ಮುದ್ದೆಯನ್ನು ತಟ್ಟೆಗೆ ಹಾಕಿ, ಮುಂದಿಟ್ಟು, ಆಚೆ ಹೋದಳು.

ಸಂಜೆ ಅಂಗಿ ಕಳಚುವಾಗ ಗಮನಿಸಿದೆ. ಟಿಚ್ ಬಟನ್ನು, ಬೆರಳಲ್ಲಿ ಒತ್ತಿದರೆ ಸಾಕು. ಅಲಮಾರಿಯಲ್ಲಿ ನೋಡಿದೆ. ಎಲ್ಲ ಅಂಗಿಗಳಿಗೂ ಟಿಚ್ ಬಟನ್ನು, ಮೇಲೆ ಸುಮ್ಮನೆ ಗುಂಡಿ ಹೊಲಿದಿದೆ, ನೋಡುವವರಿಗೆ ಗುಂಡಿಯಂತೆಯೇ ಕಾಣುತ್ತದೆ. ನಾನು ಇದನ್ನು ಟೈಲರನ ಹೊಸ ಫ್ಯಾಶನ್ನು ಅಂದುಕೊಂಡಿದ್ದೆ. ಮದುವೆಯ ಅಂಗಿಗೂ ಹಾಕಿದ್ದಾಳೆ. ಎಷ್ಟು ದಿನದಿಂದ ಕೂತು ಹೊಲಿದಳೋ.

ಸ್ಪೂನು. ಗುರುಸಿದ್ದಮ್ಮನ ಸ್ಪೂನು.

ಎಲ್ಲರಿಗೂ ಗೊತ್ತಿತ್ತು. ಹೆಂಡತಿಗೆ, ಗೆಳೆಯರಿಗೆ, ಗೆಳೆಯನ ತಾಯಿಗೆ. ನಾನೊಬ್ಬ ಹುಚ್ಚನ ಹಾಗೆ ಅವರ ನಡುವೆ ಜಂಬ ಕೊಚ್ಚಿಕೊಂಡು ಓಡಾಡುತ್ತಿದ್ದೆ, ಅವರೆಲ್ಲ ಒಬ್ಬರಿಗೊಬ್ಬರು ಕಣ್ಣಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ಇದಕ್ಕಿಂತ ಬ್ಯಾಂಡಿನಿಂದ ಆಚೆ ಹಾಕಿದ್ದರೆ ಚೆನ್ನಾಗಿತ್ತು. ಆಚೆ ಹಾಕಿದ್ದರೆ ಜಗಳವಾಡಬಹುದಿತ್ತು.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಬೆಳಿಗ್ಗೆ ರುದ್ರೇಶನ ಸಮಾಧಿಗೆ ಹೋದೆ. ಪೂಜೆಗಲ್ಲ, ಬೈಯುವುದಕ್ಕೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಪರಮಶಿವಯ್ಯನವರು ನನಗಿಂತ ಮೊದಲೇ ಬಂದು ಕೂತಿದ್ದರು. ಹಬ್ಬದ ದಿನ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಒದ್ದೆ ಟವೆಲ್ಲು. ಮಣ್ಣಿನಿಂದ ಮೇಲೆ ಬಂದಿದ್ದ ಒಂದು ಕೆಂಪು ಪಿಕ್ಕನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸುತ್ತಿದ್ದರು.

"ಬಾರಪ್ಪ ಗಂಗರಾಜು" ಎಂದರು. ಕೂತೆ. ಮಗನಿಗೆ ಬೈಯಲು ಬಂದವನು ಅಪ್ಪನ ಪಕ್ಕ ಕೂತು ಬೈಯುವುದು ಹೇಗೆ?

"ನಿಂಗೂ ಮದ್ವೆ ಅಂತಲೇ ಹೇಳಿದ್ನಾ?" ಎಂದು ಕೇಳಿದರು.

"ಹೂಂ ಅಪ್ಪಾಜಿ."

"ನಂಗೂ ಹಂಗೇ ಹೇಳ್ದ. ಮುಯ್ಯಿ ಮಾಡಕ್ಕೆ ಅಂತ ನಾನೇ ಕವರ್ ತಂದ್ಕೊಟ್ಟೆ. ಅವುನ್ ಜೇಬಲ್ಲಿತ್ತು. ಆಸ್ಪತ್ರೆಯೋರು ಕೊಟ್ರು." ಪಿಕ್ಕನ್ನು ಮತ್ತೆ ಮಣ್ಣಿನೊಳಗೆ ಒತ್ತಿದರು. "ನನ್ಗೆ ಗಿಟಾರು ಕಂಡ್ರೆ ಆಗ್ತಿರ್ಲಿಲ್ಲ, ಸರಿ. ಆದ್ರೆ ಎಲ್ಲಿಗ್ ಹೋಗ್ತೀನಿ ಅಂತ ಹೇಳಕ್ಕೇನಾಗಿತ್ತು? ನಾನ್ ತಡೀತಿದ್ನಾ? ಸಾಯೋ ಹೊತ್ತಲ್ಲಿ ಮಗ ಎಲ್ಲವ್ನೆ ಅಂತ ಗೊತ್ತಿಲ್ದಂಗೆ ಮಾಡ್ಬುಟ್ನಲ್ಲ."

ಅದೇ ಮಾತನ್ನು ಹೇಳಲು ನಾನು ಬಂದಿದ್ದೆ.

ಅವರೇ ಮುಂದುವರಿಸಿದರು, "ಅಟ್ಟದ ಮೂಲೇಲಿ ಒಂದ್ ಗುಡ್ಡೆ ಕಾಯಿ ಬುಟ್ಟಿದೀನಿ. ನೋಡಿದ್ಯಾ? ಎಂಥ ರೇಟ್ ಬಂದ್ರೂ ಅದುನ್ನ ಇಳಿಸ್ಬ್ಯಾಡ ಅಂದಿದ್ದ. ಗಂಗ ಒದ್ದಾಗ ಸದ್ದು ಬರ್ಬೇಕು ಅಂತ. ಹುಚ್ಚು. ಹುಳ ಹಿಡೀತದೆ ಕಣಪ್ಪ ಅಂದ್ರೆ ಕೇಳ್ತಿರ್ಲಿಲ್ಲ."

ಅಷ್ಟಕ್ಕೇ ಎಲ್ಲ ಸರಿ ಹೋಯಿತೆಂದು ನಾನು ಬರೆಯುವುದಿಲ್ಲ. ಒಂದು ಗುಡ್ಡೆ ಕಾಯಿ ಉಳಿಸಿದವನು ಒಂದು ಮಾತು ಹೇಳಬಹುದಿತ್ತು. ನನ್ನ ಕೈಯ ಬಗ್ಗೆ ನನ್ನೊಡನೆ ಮಾತಾಡಲು ಯಾರಿಗೂ ಧೈರ್ಯವಿಲ್ಲದಷ್ಟು ನಾನು ಕೆಟ್ಟವನೇ? ಇರಬಹುದು. ಆದರೂ ಹೇಳಬಹುದಿತ್ತು.

ಎದ್ದಾಗ ಅವರು ಕೈ ಚಾಚಿದರು, ಮಂಡಿ ನೋವು, ಎಬ್ಬಿಸಬೇಕು. ಬಲಗೈ ಕೊಡಲು ಹೋಗಿ, ಎಡಗೈ ಕೊಟ್ಟೆ.

ಮಾರ್ಚ್ 1, ಶನಿವಾರ

ಜ್ಞಾನೇಶನಿಗೆ ಫೋನು ಮಾಡಿದೆ. "ನಾಳೆ 'ತಾರು ರೋಡು' ಹಳೇ ಸ್ಪೀಡಲ್ಲೇ. ನೀನು ಎಳುದ್ರೆ ಅಲ್ಲೇ ಎದ್ದು ಹೋಗ್ತೀನಿ" ಎಂದೆ.

"ಗಂಗ, ಜನದ ಮುಂದೆ ಕಣ್ಲಾ..."

"ಹಿಂದೆ ಬಿದ್ರೆ ಬೀಳ್ತೀನಿ. ನಿಲ್ಲಬ್ಯಾಡ್ರಿ, ತಿರುಗಿ ನೋಡ್ಬ್ಯಾಡ್ರಿ."

"ಆಯ್ತು ಬುಡು" ಎಂದ.

ಕಾರ್ಯಕ್ರಮ ಕಲ್ಯಾಣ ಮಂಟಪದಲ್ಲಿ ಬೇಡ, ತೋಟದ ಮನೆಯ ಮುಂದೆಯೇ ಆಗಲಿ, ಡ್ರಮ್ಸು ಅಟ್ಟದ ಕೆಳಗೇ ಇರಲಿ ಎಂದು ಇಂಪನಾಗೂ ಹೇಳಿದೆ. ಮಂಟಪದವರಿಗೆ ಅಡ್ವಾನ್ಸು ಕೊಟ್ಟಾಗಿದೆ ಎಂದು ಗೊಣಗಿದಳು. ಒಪ್ಪಿದಳು.

ಮಾರ್ಚ್ 2, ಭಾನುವಾರ

ಮುಗಿಯಿತು.

ಜನವೋ ಜನ. ಚಿಕ್ಕನಾಯಕನಹಳ್ಳಿ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದಿದ್ದರು, ಹಾಸನದವರು, ತುಮಕೂರಿನವರು. ತೆಂಗಿನ ಸಾಲುಗಳ ನಡುವೆ ನಿಂತಿದ್ದರು. ಬಾಗಿಲು ಪೂರಾ ತೆಗೆಸಿ, ನಾನು ಒಳಗೆ, ಮಿಕ್ಕವರು ಜಗುಲಿಯ ಮೇಲೆ. ನಿಧಾನದ ಹಾಡುಗಳನ್ನೆಲ್ಲ ಬಾರಿಸಿದೆವು. ಜನ ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಒಂದೊಂದು ಏಟಿಗೂ ನನಗೆ ಅನ್ನಿಸುತ್ತಿತ್ತು, ಈ ನಿಧಾನ ನನ್ನದು, ನೀವು ಕೈ ಮುಗಿಯುತ್ತಿರುವುದು ನನ್ನ ಸತ್ತ ಬೆರಳುಗಳಿಗೆ. ರುದ್ರೇಶ ಅದನ್ನು ತನ್ನ ಹೆಸರಿಗೆ ಬರೆದುಕೊಂಡದ್ದು ನನ್ನ ಮಾನ ಉಳಿಸಲು. ಹಾಗಿದ್ದೂ ಹೊಟ್ಟೆ ಉರಿಯಿತು.

ಕಡೆಗೆ 'ತಾರು ರೋಡು'. ನಾನೇ ಕಡ್ಡಿ ತಟ್ಟಿ ಎಣಿಸಿದೆ, ಹಳೆಯ ವೇಗದಲ್ಲೇ. ಸೂರ್ಯಪ್ರಕಾಶ್ ಹಾರಿದ. ಜ್ಞಾನೇಶ ಒಂದೇ ಒಂದು ಸಲ ಹಿಂದಕ್ಕೆ ಎಳೆಯಲಿಲ್ಲ, ಮಾತು ಉಳಿಸಿಕೊಂಡ. ಮೊದಲ ಚರಣ ಹಿಡಿದೆ. ಎರಡನೆಯದರಲ್ಲಿ ಕಡ್ಡಿ ಬಿತ್ತು. ಕಾಲಿನ ಬಳಿ ಇಟ್ಟುಕೊಂಡಿದ್ದ ಇನ್ನೊಂದನ್ನು ಎತ್ತಿಕೊಂಡು ಹಿಡಿಯುವಷ್ಟರಲ್ಲಿ ಅವರು ಎಲ್ಲೋ ಹೋಗಿದ್ದರು. ಬಲಗೈ ಮಾತು ಕೇಳುತ್ತಿರಲಿಲ್ಲ. ಮುಂದಿನ ಸಾಲಿನ ಹುಡುಗರು ತಿರುಗಿ ನನ್ನನ್ನು ನೋಡತೊಡಗಿದರು. ಒಬ್ಬ ನಕ್ಕ. ಇಂಪನಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಹಿಂದೆ ಬಿದ್ದೆ, ಇನ್ನೂ ಹಿಂದೆ ಬಿದ್ದೆ, ಬಿಡಲಿಲ್ಲ. ಅವರು ಹಾಡು ಮುಗಿಸಿ ನಿಂತರು, ನನಗಿನ್ನೂ ಒಂದು ಸಾಲು ಬಾಕಿ ಇತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಡು ಮುಗಿಯಿತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಆ ಬಾಕಿ ಸಾಲನ್ನು ಒಬ್ಬನೇ ಬಾರಿಸಿದೆ. ಎಡಗೈ, ಕಾಲು, ಬಲಗೈಯಲ್ಲಿ ಎಷ್ಟಾದರೆ ಅಷ್ಟು. ಅಷ್ಟು ಜನ ಸುಮ್ಮನಿದ್ದದ್ದರಿಂದ ಮೂಲೆಯ ಆ ಗುಡ್ಡೆ ಕಾಯಿಯ ಸದ್ದು ಚೆನ್ನಾಗಿ ಕೇಳಿಸಿತು. ನಾನು ಒದ್ದಾಗಲೆಲ್ಲ ಗಿಟ ಗಿಟ. ಕಡೆಯ ಏಟು ಹೊಡೆದು ಕಡ್ಡಿ ಕೆಳಗಿಟ್ಟೆ.

ಜ್ಞಾನೇಶ ಒಳಗೆ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತ. "ಅವ್ನ್ ಇದ್ದಿದ್ರೆ" ಎಂದು ಶುರು ಮಾಡಿದ.

"ಇದ್ದಿದ್ರೆ ಕಪಾಳಕ್ಕೆ ಬಿಡ್ತಿದ್ದೆ. ಎಡಗೈಲಿ" ಎಂದೆ.

ಇಬ್ಬರೂ ನಕ್ಕೆವು. ನಕ್ಕು, ಇಬ್ಬರೂ ಅವನ ಗಿಟಾರು ಇರುತ್ತಿದ್ದ ಕಡೆಗೇ ತಿರುಗಿದೆವು.

ಮಾರ್ಚ್ 4, ಮಂಗಳವಾರ

ತುಮಕೂರಿಗೆ ಹೋಗಿದ್ದೆವು. ಮೊಣಕೈ ಹತ್ತಿರ ನರ ಒತ್ತಿಕೊಂಡಿದೆಯಂತೆ. ಆಪರೇಶನ್ ಮಾಡಿದರೆ ಇನ್ನಷ್ಟು ಕೆಡುವುದು ನಿಲ್ಲುತ್ತದೆ, ಹೋದದ್ದು ಪೂರಾ ಬರುವುದು ಅನುಮಾನ, ಮೂರು ವರ್ಷ ಮೊದಲು ಬಂದಿದ್ದರೆ ಮಾತೇ ಬೇರೆ ಇತ್ತು ಎಂದರು ಡಾಕ್ಟರು. ಧನ್ಯಶ್ರೀ ಕಿಟಕಿಯ ಕಡೆ ನೋಡಿದಳು. ನಾನೂ ಅದೇ ಕಡೆ ನೋಡಿದೆ.

ಬಸ್ಸಿನಲ್ಲಿ ರುದ್ರೇಶನ ಎರಡನೆಯ ಹೊಸ ಹಾಡು ಬಂತೆಂದು ಫೋನು ಹೇಳಿತು. ಒಂದು ಇಯರ್‌ಫೋನು ನನಗೆ, ಒಂದು ಅವಳಿಗೆ. ಚೆನ್ನಾಗಿ ಬಾರಿಸಿದ್ದೇನೆ. ಸಿಟ್ಟು ಹೋಗಿಲ್ಲ, ಹೋಗುವ ಹಾಗೆ ಕಾಣುವುದೂ ಇಲ್ಲ.

ಮನೆಗೆ ಬಂದು ಇದನ್ನು ಬರೆಯಲು ಕೂತಾಗ, ಈ ಪೆನ್ನು ಒಂದು ಸಲ ಗೀಚಿ ನೋಡು ಎಂದು ಧನ್ಯಶ್ರೀಗೆ ಕೊಟ್ಟೆ. ಪುಟದ ಮೂಲೆಯಲ್ಲಿ ಅವಳು ನನ್ನ ಹೆಸರು ಬರೆದಳು. ನೀರು ಹರಿದಂತೆ ಬಂತು. ಮೊದಲು ಎಸೆದಿದ್ದ ಪೆನ್ನನ್ನೂ ಹುಡುಕಿ ಕೊಟ್ಟೆ. ಅದರಲ್ಲೂ ಬರೆದಳು.

ಎರಡು ಪೆನ್ನೂ ಚೆನ್ನಾಗಿವೆ.